ಸಸ್ಯಮೂಲದ ಮುಖದ ಕ್ರೀಮ್: ಮೂರು ಡಬ್ಬಿಗಳಲ್ಲಿ ಯಾವುದನ್ನು ನಂಬಲಿ?

ಪ್ರಶ್ನೆ: ನಾನು ತೀರ್ಥಹಳ್ಳಿ ತಾಲ್ಲೂಕಿನ ಅಡಿಕೆ ತೋಟದ ಮನೆಯವಳು, ವಯಸ್ಸು 36. ಕೊನೆಕೊಯ್ಲಿನ ಹೊತ್ತಿಗೆ, ಅಂದರೆ ಡಿಸೆಂಬರ್, ಜನವರಿಯಲ್ಲಿ ಕೆನ್ನೆ ಮತ್ತು ಬಾಯಿಯ ಸುತ್ತ ಚರ್ಮ ಬಿಗಿದುಕೊಂಡು ಸಿಪ್ಪೆ ಏಳುತ್ತದೆ. ಮಳೆಗಾಲದಲ್ಲಿ ಅದೇ ಮುಖದ ಹಣೆಯ ತುಂಬ ತುರಿಸುವ ಸಣ್ಣ ಗುಳ್ಳೆಗಳು. ಚಿಕ್ಕಂದಿನಿಂದ ಕೊಬ್ಬರಿ ಎಣ್ಣೆಯನ್ನೇ ಹಚ್ಚುತ್ತಿದ್ದೆ. ಈ ವರ್ಷ ‘ಸಸ್ಯಮೂಲ’ ಎಂದು ಹೇಳಿಕೊಳ್ಳುವ ಮೂರು ಕ್ರೀಮ್‌ಗಳು ಮನೆಗೆ ಬಂದಿವೆ. ಮೊದಲನೆಯದು ಆಯುರ್ವೇದದ್ದು. ಅದರ ಹಿಂದೆ ‘ಪ್ರತಿ 10 ಗ್ರಾಂನಲ್ಲಿ ಕುಮಾರಿ 200 ಮಿ.ಗ್ರಾಂ, ಹರಿದ್ರಾ 20 ಮಿ.ಗ್ರಾಂ, ಚಂದನ 10 ಮಿ.ಗ್ರಾಂ, ಕೇಸರ 1 ಮಿ.ಗ್ರಾಂ, ಸುಗಂಧ, ಬೇಸ್ ಕ್ಯೂ.ಎಸ್.’ ಎಂದಿದೆ (ಕುಮಾರಿ ಎಂದರೆ ಲೋಳೆಸರ, ಹರಿದ್ರಾ ಎಂದರೆ ಅರಿಶಿನ). ಎರಡನೆಯದು ತಂಗಿ ಬೆಂಗಳೂರಿನಿಂದ ತಂದ ‘ವೀಗನ್’ (ಪ್ರಾಣಿಮೂಲದ್ದೇನೂ ಇಲ್ಲದ) ಕ್ರೀಮ್: ನೀರು, ಗ್ಲಿಸರಿನ್, ಕ್ಯಾಪ್ರಿಲಿಕ್-ಕ್ಯಾಪ್ರಿಕ್ ಟ್ರೈಗ್ಲಿಸರೈಡ್, ಸೆಟಿಯರಿಲ್ ಆಲ್ಕೋಹಾಲ್, ಸೂರ್ಯಕಾಂತಿ ಎಣ್ಣೆ, ಸ್ಕ್ವಾಲೇನ್, ಫೀನಾಕ್ಸಿಎಥನಾಲ್, ಒಂದೆಲಗದ ಸಾರ, ಸೆರಮೈಡ್ ಎನ್‌ಪಿ, ಕ್ಯಾಮೊಮೈಲ್ ಸಾರ. ಇದನ್ನು ಓದಿದರೇ ಹೆದರಿಕೆಯಾಗುತ್ತದೆ. ಮೂರನೆಯದು ಮೇಳವೊಂದರಲ್ಲಿ ಕೊಂಡ ಮನೆತಯಾರಿಕೆ: ಮುರುಗಲ ತುಪ್ಪ, ಕೊಬ್ಬರಿ ಎಣ್ಣೆ, ಜೇನುಮೇಣ, ತಾಜಾ ಲೋಳೆಸರ, ಲ್ಯಾವೆಂಡರ್ ಎಣ್ಣೆ, ‘ಪ್ರಿಸರ್ವೇಟಿವ್ ಇಲ್ಲ’. ಮೊದಲನೆಯದನ್ನು ಹಚ್ಚಿದಾಗಲೆಲ್ಲ ಐದು ನಿಮಿಷ ಉರಿಯುತ್ತದೆ. ಉರಿದರೆ ಕೆಲಸ ಮಾಡುತ್ತಿದೆ ಎಂದರ್ಥ ಎಂದು ಅಂಗಡಿಯವರು ಹೇಳಿದರು. ಅತ್ತೆಯವರು ಮುರುಗಲ ತುಪ್ಪವೊಂದೇ ಸಾಕು ಎನ್ನುತ್ತಾರೆ. ಇವುಗಳ ಪದಾರ್ಥಗಳನ್ನು ಹೋಲಿಸಿ ನೋಡುವುದು ಹೇಗೆ? ನಿಜವಾಗಿ ಸಸ್ಯಮೂಲದ್ದು ಯಾವುದು, ಮುಖಕ್ಕೆ ಅಪಾಯವಿಲ್ಲದ್ದು ಯಾವುದು?

ಉತ್ತರ: ಉರಿಯ ವಿಷಯವನ್ನು ಮೊದಲು ಮುಗಿಸುತ್ತೇನೆ. ಉಳಿದದ್ದನ್ನು ನಿಧಾನವಾಗಿ ಓದಬಹುದು, ಇದನ್ನು ಮಾತ್ರ ಇಂದೇ ಮಾಡಬೇಕು. ಮೊದಲನೆಯ ಕ್ರೀಮನ್ನು ನಿಲ್ಲಿಸಿ. ಚರ್ಮಕ್ಕೆ ತೇವ ಕೊಡುವ ಯಾವ ಕ್ರೀಮೂ ಉರಿಸಿ ಕೆಲಸ ಮಾಡುವುದಿಲ್ಲ. ಬಿರುಕುಬಿಟ್ಟ ಚರ್ಮಕ್ಕೆ ಒಳ್ಳೆಯ ಕ್ರೀಮ್ ತಾಗಿದಾಗಲೂ ಕ್ಷಣಕಾಲ ಚುರುಕ್ಕೆನ್ನುವುದುಂಟು, ಆದರೆ ಹಚ್ಚಿದಾಗಲೆಲ್ಲ ಐದು ನಿಮಿಷ ಉರಿಯುತ್ತದೆಯೆಂದರೆ ಅದರಲ್ಲಿರುವ ಯಾವುದೋ ಒಂದು ಪದಾರ್ಥ ನಿಮ್ಮ ಚರ್ಮಕ್ಕೆ ಒಗ್ಗುತ್ತಿಲ್ಲ. ನಮ್ಮಂತಹ ಗೋಧಿಬಣ್ಣದ, ಕಂದುಬಣ್ಣದ ಚರ್ಮದಲ್ಲಿ ಇಂತಹ ಕೆರಳಿಕೆ ಸುಮ್ಮನೆ ಹೋಗುವುದಿಲ್ಲ; ಹೋಗುವಾಗ ಕಪ್ಪು ಕಲೆಯನ್ನು ಬಿಟ್ಟುಹೋಗುತ್ತದೆ, ಅದು ಮಾಸಲು ತಿಂಗಳುಗಳು ಬೇಕು. ಶಿವಮೊಗ್ಗದ ನನ್ನ ಚಿಕಿತ್ಸಾಲಯಕ್ಕೆ ಉರಿಯ ಹಂತದಲ್ಲಿಯೇ ಬರುವವರು ಕಡಿಮೆ. ಹೆಚ್ಚಿನವರು ‘ಕೆನ್ನೆ ಕಪ್ಪಾಯಿತು’ ಎಂದು, ಮೂರು ತಿಂಗಳು ಕಳೆದ ಮೇಲೆ ಬರುತ್ತಾರೆ.

ಸಸ್ಯಮೂಲವೇ ಎಂಬ ಪ್ರಶ್ನೆಯನ್ನೂ ಅಪಾಯವಿಲ್ಲವೇ ಎಂಬ ಪ್ರಶ್ನೆಯನ್ನೂ ನೀವು ಒಂದೇ ಉಸಿರಿನಲ್ಲಿ ಕೇಳಿದ್ದೀರಿ. ಅವು ಎರಡೂ ಬೇರೆ ಎಂಬುದನ್ನು ಮಲೆನಾಡಿನವರಿಗೆ ನಾನು ವಿವರಿಸಬೇಕಾಗಿಲ್ಲ. ಕೆಸುವನ್ನು ಹುಳಿ ಹಾಕದೆ ಬೇಯಿಸಿದರೆ ಗಂಟಲಿಗೆ ಏನಾಗುತ್ತದೆ ಎಂಬುದು ಪತ್ರೊಡೆ ಮಾಡುವ ಪ್ರತಿ ಮನೆಗೂ ಗೊತ್ತು. ಸೊಪ್ಪಿನಬೆಟ್ಟದಲ್ಲಿ ಕಾಡುಗೇರಿನ ಸೊನೆ ತಾಗಿ ಮುಖ ಬಾತು ಬಂದವರಿಗೆ ನಾನು ಪ್ರತಿವರ್ಷ ಔಷಧ ಬರೆಯುತ್ತೇನೆ. ಗಿಡವೆಂದರೆ ಅದೂ ಒಂದು ರಸಾಯನದ ಭಂಡಾರವೇ; ಕೆಲವು ಗಿಡಗಳು ಆ ರಸಾಯನವನ್ನು ತಮ್ಮನ್ನು ತಿನ್ನಬರುವವರನ್ನು ದೂರವಿಡಲೆಂದೇ ಇಟ್ಟುಕೊಂಡಿರುತ್ತವೆ. ಇಷ್ಟೆಲ್ಲ ತಿಳಿದ ನಾವು ಡಬ್ಬಿಯ ಮೇಲೆ ಎಲೆಯ ಚಿತ್ರ ಕಂಡೊಡನೆ ಅದನ್ನು ಮರೆಯುತ್ತೇವೆ ಎಂಬುದು ನನಗೆ ಇಂದಿಗೂ ಸೋಜಿಗ.

ಪದಾರ್ಥಗಳನ್ನು ಹೋಲಿಸುವ ಮೊದಲು ಕ್ರೀಮ್ ಮಾಡಬೇಕಾದ ಕೆಲಸವೇನು ಎಂಬುದು ಸ್ಪಷ್ಟವಿರಬೇಕು. ಮುಖದ ಚರ್ಮದ ತೀರ ಹೊರಗಿನ ಪದರ ತಲೆಗೂದಲಿಗಿಂತ ತೆಳು. ಅದರಲ್ಲಿ ಸತ್ತ ಜೀವಕೋಶಗಳು ಕೆಂಪುಕಲ್ಲಿನ ಗೋಡೆಯಂತೆ ಜೋಡಿಸಿಕೊಂಡಿದ್ದು, ಕಲ್ಲುಗಳ ನಡುವಿನ ಗಾರೆಯ ಜಾಗದಲ್ಲಿ ಜಿಡ್ಡಿನ ಪದಾರ್ಥಗಳಿರುತ್ತವೆ. ಈ ಜಿಡ್ಡಿನಲ್ಲಿ ತೂಕದ ಲೆಕ್ಕಕ್ಕೆ ಸುಮಾರು ಅರ್ಧದಷ್ಟು ಸೆರಮೈಡ್, ಕಾಲುಭಾಗದಷ್ಟು ಕೊಲೆಸ್ಟರಾಲ್, ಉಳಿದದ್ದರಲ್ಲಿ ಹೆಚ್ಚಿನದು ಕೊಬ್ಬಿನ ಆಮ್ಲಗಳು. ಗಾರೆ ಗಟ್ಟಿಯಿದ್ದರೆ ಒಳಗಿನ ನೀರು ಹೊರಗೆ ಆವಿಯಾಗುವುದಿಲ್ಲ, ಹೊರಗಿನ ಉರಿಕಾರಕಗಳು ಒಳಗೆ ಇಳಿಯುವುದಿಲ್ಲ. ಚಳಿಗಾಲದ ಒಣಗಾಳಿ ಈ ಗಾರೆಯನ್ನು ಸಡಿಲಿಸುತ್ತದೆ. ಆದರೆ ಗಾಳಿಯೊಂದನ್ನೇ ದೂರುವುದು ನ್ಯಾಯವಲ್ಲ. ಬಚ್ಚಲ ಹಂಡೆಯಲ್ಲಿ ಕುದಿಯುವಷ್ಟು ಕಾದ ನೀರನ್ನು ಅದೇ ಬಿಸಿಯಲ್ಲಿ ಮುಖಕ್ಕೆ ಎರಚಿಕೊಳ್ಳುವುದು, ಮೈಸೋಪನ್ನೇ ಮುಖಕ್ಕೂ ತಿಕ್ಕುವುದು, ಕೊಯ್ಲಿನ ದಿನಗಳಲ್ಲಿ ಅಡಿಕೆ ಬೇಯಿಸುವ ಒಲೆಯ ಝಳದೆದುರು ಗಂಟೆಗಟ್ಟಲೆ ಕೂರುವುದು, ಈ ಮೂರೂ ಅದೇ ತಿಂಗಳುಗಳಲ್ಲಿ ಒಟ್ಟಿಗೆ ಬರುತ್ತವೆ. ಚರ್ಮದ ಮೇಲ್ಮೈಯ ಸಹಜ ಪಿಎಚ್ (ಹುಳಿ-ಕ್ಷಾರದ ಅಳತೆ) 4.5ರಿಂದ 5.5ರ ಆಸುಪಾಸು, ಸಾಮಾನ್ಯ ಸೋಪಿನದು 9ರಿಂದ 10. ಬಿಸಿನೀರು ಜಿಡ್ಡನ್ನು ಕರಗಿಸಿ ಕೊಡುತ್ತದೆ, ಸೋಪು ಅದನ್ನು ಎತ್ತಿಕೊಂಡು ಹೋಗುತ್ತದೆ. ಇದನ್ನು ಸರಿಪಡಿಸದೆ ಕ್ರೀಮ್ ಬದಲಾಯಿಸುತ್ತ ಹೋಗುವುದು ತೂತಿನ ಕೊಡಕ್ಕೆ ನೀರು ತುಂಬಿದಂತೆ.

ಒಳ್ಳೆಯ ಮಾಯಿಶ್ಚರೈಸರ್‌ನಲ್ಲಿ ಸಾಮಾನ್ಯವಾಗಿ ಮೂರು ಬಗೆಯ ಪದಾರ್ಥಗಳು ಇರುತ್ತವೆ. ನೀರನ್ನು ಹಿಡಿದಿಟ್ಟುಕೊಳ್ಳುವವು ಒಂದು ಬಗೆ: ಗ್ಲಿಸರಿನ್, ಲೋಳೆಸರ, ಹಯಾಲುರೊನಿಕ್ ಆಮ್ಲ, ಯೂರಿಯಾ. ಎರಡನೆಯ ಬಗೆಯವು ಸಂದುಗಳನ್ನು ತುಂಬಿ ನುಣುಪು ಕೊಡುವ ಎಣ್ಣೆಗಳು, ಕೊಬ್ಬಿನ ಆಲ್ಕೋಹಾಲ್‌ಗಳು, ಸೆರಮೈಡ್‌ಗಳು. ಮೂರನೆಯವು ಮೇಲೆ ಮುಚ್ಚಳದಂತೆ ಕುಳಿತು ನೀರು ಹಾರದಂತೆ ತಡೆಯುವ ಮೇಣ, ಗಟ್ಟಿ ತುಪ್ಪ, ಪೆಟ್ರೋಲಿಯಂ ಜೆಲ್ಲಿ. ಮೊದಲ ಬಗೆ ಮಾತ್ರವಿದ್ದು ಮುಚ್ಚಳವಿಲ್ಲದಿದ್ದರೆ ಜನವರಿಯ ಮಧ್ಯಾಹ್ನದಲ್ಲಿ ಅದು ಬೇಗ ಸೋಲುತ್ತದೆ. ಬರಿಯ ಎಣ್ಣೆಯಾದರೆ ಇರುವ ನೀರನ್ನು ಕಾಯುತ್ತದೆಯೇ ಹೊರತು ತಾನಾಗಿ ನೀರನ್ನು ತಂದುಕೊಡುವುದಿಲ್ಲ. ಅತ್ತೆಯವರ ಮುರುಗಲ ತುಪ್ಪವಾಗಲಿ ನಿಮ್ಮ ಕೊಬ್ಬರಿ ಎಣ್ಣೆಯಾಗಲಿ ಒಣಗಿದ ಮುಖಕ್ಕಿಂತ ಒದ್ದೆ ಮುಖದ ಮೇಲೆ ಹೆಚ್ಚು ಕೆಲಸ ಮಾಡುವುದು ಈ ಕಾರಣದಿಂದ.

ಈಗ ಡಬ್ಬಿಯ ಹಿಂಬದಿಗೆ ಬರೋಣ. ನಮ್ಮ ದೇಶದ ಕಾಸ್ಮೆಟಿಕ್ಸ್ ನಿಯಮಗಳು, 2020ರ ಪ್ರಕಾರ ಶೇ. 1ಕ್ಕಿಂತ ಹೆಚ್ಚಿರುವ ಪದಾರ್ಥಗಳನ್ನು ಪ್ರಮಾಣದ ಇಳಿಕೆಯ ಕ್ರಮದಲ್ಲಿ ಬರೆಯಬೇಕು, ಶೇ. 1 ಅಥವಾ ಅದಕ್ಕಿಂತ ಕಡಿಮೆ ಇರುವವುಗಳನ್ನು ಅವುಗಳ ನಂತರ ಯಾವ ಕ್ರಮದಲ್ಲಿ ಬೇಕಾದರೂ ಬರೆಯಬಹುದು. ಆ ಶೇ. 1ರ ಗೆರೆ ಎಲ್ಲಿದೆ ಎಂದು ಡಬ್ಬಿ ಹೇಳುವುದಿಲ್ಲವಾದರೂ ಅದನ್ನು ಊಹಿಸುವ ದಾರಿಯೊಂದಿದೆ. ಫೀನಾಕ್ಸಿಎಥನಾಲ್ ಎಂಬ ಸಂರಕ್ಷಕವನ್ನು (ಪ್ರಿಸರ್ವೇಟಿವ್) ಕ್ರೀಮ್‌ಗಳಲ್ಲಿ ಶೇ. 1ಕ್ಕಿಂತ ಹೆಚ್ಚು ಹಾಕುವಂತಿಲ್ಲ. ಆದ್ದರಿಂದ ಪಟ್ಟಿಯಲ್ಲಿ ಅದರ ನಂತರ ಬರುವ ಹೆಸರುಗಳೆಲ್ಲ ಶೇ. 1ರ ಒಳಗಿನವು. ನಿಮ್ಮ ಎರಡನೆಯ ಡಬ್ಬಿಯ ಮುಂಬದಿಯಲ್ಲಿ ದೊಡ್ಡದಾಗಿ ಒಂದೆಲಗದ ಎಲೆಯಿದ್ದರೆ ಆಶ್ಚರ್ಯವಿಲ್ಲ, ಆದರೆ ಪಟ್ಟಿಯಲ್ಲಿ ಅದು ಈ ಗೆರೆಯ ಕೆಳಗಿದೆ. ಒಂದು ಚಮಚ ತಂಬುಳಿಯಲ್ಲಿ ಇರುವಷ್ಟು ಒಂದೆಲಗವೂ ಆ ಇಡೀ ಡಬ್ಬಿಯಲ್ಲಿ ಇರಲಾರದು. ಸೆರಮೈಡ್‌ನಂತಹವು ಅಲ್ಪ ಪ್ರಮಾಣದಲ್ಲಿಯೂ ಕೆಲಸಕ್ಕೆ ಬರುತ್ತವೆ ಎಂಬುದು ನಿಜ. ಆದರೂ ನಿಮ್ಮ ಮುಖದ ಮೇಲೆ ದಿನವಿಡೀ ಕುಳಿತಿರುವುದು ಚಿತ್ರದಲ್ಲಿರುವ ಗಿಡವಲ್ಲ, ಪಟ್ಟಿಯ ಮೊದಲ ಐದಾರು ಪದಾರ್ಥಗಳು. ಎರಡು ಕ್ರೀಮ್‌ಗಳನ್ನು ಹೋಲಿಸುವಾಗ ಮೊದಲು ನೋಡಬೇಕಾದದ್ದು ಆ ಐದಾರನ್ನು, ನಂತರ ಪಟ್ಟಿಯ ಕೊನೆಯಲ್ಲಿ ಸುಗಂಧವೇನಾದರೂ ಇದೆಯೇ ಎಂಬುದನ್ನು. ನಡುವಿನದಕ್ಕೆ ಅಷ್ಟು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ಈ ಅಳತೆಗೋಲಿನಿಂದ ಮೊದಲನೆಯ ಡಬ್ಬಿಯನ್ನು ನೋಡಿ. 200, 20, 10, 1, ಎಲ್ಲ ಕೂಡಿದರೆ 231 ಮಿಲಿಗ್ರಾಂ. ಅಂದರೆ 10 ಗ್ರಾಂ ಕ್ರೀಮಿನಲ್ಲಿ ಹೆಸರು ಹೇಳಿದ ಗಿಡಮೂಲಿಕೆಗಳ ಪಾಲು ಶೇ. 2.3ರಷ್ಟು. ಉಳಿದ ಶೇ. 97ಕ್ಕೂ ಹೆಚ್ಚಿನದು ‘ಬೇಸ್ ಕ್ಯೂ.ಎಸ್.’ ಎಂಬ ಎರಡು ಪದಗಳ ಹಿಂದೆ ಅಡಗಿದೆ; ಕ್ಯೂ.ಎಸ್. ಎಂದರೆ ‘ಬೇಕಾದಷ್ಟು’ ಎಂದರ್ಥ. ಆ ಬೇಸ್ ಎಂದರೆ ಏನು? ಖನಿಜ ತೈಲವೇ, ತಾಳೆಯೆಣ್ಣೆಯ ಮೇಣವೇ, ಯಾವ ಸಂರಕ್ಷಕ, ಯಾವ ಸುಗಂಧ? ಆಯುರ್ವೇದದ ಕ್ರೀಮ್‌ಗಳ ಪರವಾನಗಿಯ ವರ್ಗ ಕಾಸ್ಮೆಟಿಕ್ಸ್‌ಗಿಂತ ಬೇರೆಯಾದ್ದರಿಂದ ಇಂತಹ ಬರವಣಿಗೆ ನಡೆಯುತ್ತದೆ. ಆಯುರ್ವೇದದ ಶಾಸ್ತ್ರವನ್ನು ನಾನು ಇಲ್ಲಿ ದೂರುತ್ತಿಲ್ಲ. ನನ್ನ ತಕರಾರು ಇರುವುದು ಲೇಬಲ್ಲಿನ ಬಗ್ಗೆ: ಅಲರ್ಜಿ ಬಂದಾಗ ಯಾವುದರಿಂದ ಬಂತೆಂದು ಹುಡುಕಲು ನನಗೆ ಆ ಶೇ. 97 ಬೇಕು, ಅದೇ ಅಲ್ಲಿಲ್ಲ. ಇನ್ನು ಅರಿಶಿನದ ಮಾತು. ಅಡುಗೆಮನೆಯಲ್ಲಿ ಚಿಟಿಕೆ ಅರಿಶಿನ ಬಿದ್ದರೆ ಸೆರಗು ಹಳದಿಯಾಗುತ್ತದೆ. ಮುಖಕ್ಕೆ ಹಚ್ಚಿದ ಕ್ರೀಮ್ ದಿಂಬಿನ ಹೊದಿಕೆಗೆ ಕಲೆ ಮಾಡುತ್ತಿಲ್ಲವೆಂದರೆ ಅದರಲ್ಲಿರುವ ಅರಿಶಿನ ಎಷ್ಟಿರಬಹುದು ಎಂದು ನೀವೇ ಅಂದಾಜು ಮಾಡಿ. ಕೇಸರಿ ಹತ್ತು ಸಾವಿರದಲ್ಲಿ ಒಂದು ಭಾಗ.

ಗಂಧದ ಬಗ್ಗೆ ನಮ್ಮ ಜಿಲ್ಲೆಯವರಿಗೆ ಸಹಜವಾಗಿಯೇ ಮಮತೆ ಹೆಚ್ಚು. ಸಾಗರದ ಗುಡಿಗಾರರ ಕೆತ್ತನೆ ಇರುವ ಊರಿನಲ್ಲಿ ಗಂಧವನ್ನು ಅನುಮಾನಿಸುವುದು ಕಷ್ಟ. ಆದರೆ ಗಂಧದೆಣ್ಣೆ ಸುಗಂಧದ್ರವ್ಯ, ಚರ್ಮತಜ್ಞರು ಅಲರ್ಜಿ ಪತ್ತೆಗೆ ಬಳಸುವ ಸುಗಂಧಗಳ ಪಟ್ಟಿಯಲ್ಲಿ ಅದಕ್ಕೂ ಜಾಗವಿದೆ. ಅದಲ್ಲದೆ, ಅಸಲಿ ಗಂಧದೆಣ್ಣೆಗೆ ಕಿಲೋಗೆ ಲಕ್ಷಗಟ್ಟಲೆ ಬೆಲೆಯಿರುವಾಗ ಅಗ್ಗದ ಡಬ್ಬಿಯಿಂದ ಘಮ್ಮೆಂದು ಬರುವ ವಾಸನೆ ಬಹುತೇಕ ಕೃತಕ ಸುಗಂಧದ್ದು. ಮುಖದ ಕ್ರೀಮ್‌ಗಳಿಂದ ಅಲರ್ಜಿಯಾಗಿ ಬರುವವರಲ್ಲಿ ನಾನು ಮೊದಲು ಅನುಮಾನಿಸುವುದು ಸುಗಂಧವನ್ನು, ಅದು ಕೃತಕವಾಗಿರಲಿ ಹೂವಿನಿಂದ ಇಳಿಸಿದ್ದಾಗಿರಲಿ. ನಿಮ್ಮ ಮೂರನೆಯ ಡಬ್ಬಿಯ ಲ್ಯಾವೆಂಡರ್ ಎಣ್ಣೆಗೂ ಇದೇ ಮಾತು. ಅದರಲ್ಲಿರುವ ಲಿನಲೂಲ್ ಎಂಬ ಅಂಶ, ಕಿತ್ತಳೆ ಮತ್ತು ನಿಂಬೆ ಎಣ್ಣೆಗಳ ಲಿಮೋನೀನ್, ಎರಡೂ ಹೊಸದಾಗಿದ್ದಾಗ ಸಾಧು. ಮುಚ್ಚಳ ತೆಗೆದು ಹಾಕುತ್ತ ಗಾಳಿ ತಾಗಿದಂತೆಲ್ಲ ಅವು ಆಮ್ಲಜನಕದೊಂದಿಗೆ ಕೂಡಿ ಬೇರೆ ರೂಪ ತಾಳುತ್ತವೆ, ಅಲರ್ಜಿ ತರುವುದು ಆ ರೂಪ. ಅದಕ್ಕೇ ‘ಎರಡು ತಿಂಗಳು ಏನೂ ಆಗಲಿಲ್ಲ ಡಾಕ್ಟ್ರೇ, ಈಗ ಯಾಕೆ’ ಎಂದು ಕೇಳುವವರಿಗೆ ನನ್ನ ಉತ್ತರ: ಎಣ್ಣೆಯೂ ಬದಲಾಗಿದೆ, ನಿಮ್ಮ ಮೈಯೂ ಅದನ್ನು ಗುರುತಿಸಲು ಕಲಿತಿದೆ. ಐರೋಪ್ಯ ಒಕ್ಕೂಟದಲ್ಲಿ ಮುಖದ ಮೇಲೆ ಉಳಿಯುವ ಕ್ರೀಮಿನಲ್ಲಿ ಇಂತಹ ಸುಗಂಧಾಂಶಗಳು ಶೇ. 0.001ಕ್ಕಿಂತ ಹೆಚ್ಚಿದ್ದರೆ ಹೆಸರು ಹಿಡಿದು ಬರೆಯಬೇಕು. ಇಲ್ಲಿ ‘ಸುಗಂಧ’ ಎಂಬ ಒಂದು ಪದದಲ್ಲಿ ಮುಗಿದುಹೋಗುವುದೇ ಹೆಚ್ಚು.

ಎರಡನೆಯ ಡಬ್ಬಿಯ ಹೆಸರುಗಳು ನಿಮ್ಮನ್ನು ಹೆದರಿಸಿದವು. ಆದರೆ ಮೂರರಲ್ಲಿ ಹೆಚ್ಚು ಪ್ರಾಮಾಣಿಕವಾದ ಪಟ್ಟಿ ಅದೇ, ಮತ್ತು ‘ಸಸ್ಯಮೂಲ’ ಎಂಬ ಮಾತಿಗೆ ಹೆಚ್ಚು ಹತ್ತಿರವಿರುವುದೂ ಅದೇ. ಕ್ಯಾಪ್ರಿಲಿಕ್-ಕ್ಯಾಪ್ರಿಕ್ ಟ್ರೈಗ್ಲಿಸರೈಡ್ ಎಂದರೆ ಬಹುಮಟ್ಟಿಗೆ ನಿಮ್ಮ ಹಿತ್ತಲಿನ ತೆಂಗಿನಕಾಯಿಯ ಸಂತಾನವೇ. ಕೊಬ್ಬರಿ ಎಣ್ಣೆ ಅಥವಾ ತಾಳೆಬೀಜದ ಎಣ್ಣೆಯಿಂದ ಹಗುರವಾದ ಎರಡು ಕೊಬ್ಬಿನ ಆಮ್ಲಗಳನ್ನು ಬೇರ್ಪಡಿಸಿ, ಗ್ಲಿಸರಿನ್‌ನೊಂದಿಗೆ ಮತ್ತೆ ಜೋಡಿಸಿದ, ಬೇಗ ಕಮಟು ಹಿಡಿಯದ ಎಣ್ಣೆ ಅದು. ಸೆಟಿಯರಿಲ್ ಆಲ್ಕೋಹಾಲ್ ಎಂಬುದರಲ್ಲಿ ಆಲ್ಕೋಹಾಲ್ ಎಂಬ ಪದವಿದ್ದರೂ ಅದು ಸ್ಪಿರಿಟ್ಟಿನಂತೆ ಚರ್ಮವನ್ನು ಒಣಗಿಸುವುದಿಲ್ಲ. ಅದು ಮೇಣದಂತಹ ಬಿಳಿ ಹರಳು, ನುಣುಪು ಕೊಡುತ್ತದೆ. ಸ್ಕ್ವಾಲೇನನ್ನು ಹಿಂದೆ ಶಾರ್ಕ್ ಮೀನಿನ ಯಕೃತ್ತಿನಿಂದ ತೆಗೆಯುತ್ತಿದ್ದರು, ಈಗ ಆಲಿವ್ ಮತ್ತು ಕಬ್ಬಿನಿಂದಲೂ ತಯಾರಾಗುತ್ತದೆ. ‘ವೀಗನ್’ ಎಂಬ ಮಾತಿಗೆ ಅರ್ಥ ಬರುವುದು ಇಂತಹ ಕಡೆ. ಹಾಗೆ ನೋಡಿದರೆ ನಿಮ್ಮ ಮೂರನೆಯ ಡಬ್ಬಿಯಲ್ಲಿ ಜೇನುಮೇಣವಿರುವುದರಿಂದ ಅದು ಪೂರ್ತಿ ಸಸ್ಯಮೂಲದ್ದಲ್ಲ. ಚರ್ಮಕ್ಕೆ ಇದರಿಂದ ಯಾವ ನಷ್ಟವೂ ಇಲ್ಲ, ಕೇಳಿದಿರೆಂದು ಹೇಳಿದೆ.

ಎಣ್ಣೆಗಳ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಸಸ್ಯಮೂಲದ ಕ್ರೀಮ್‌ಗಳ ನಿಜವಾದ ವ್ಯತ್ಯಾಸ ಇರುವುದು ಇಲ್ಲಿ. ಎಲ್ಲ ಎಣ್ಣೆಯೂ ಚರ್ಮಕ್ಕೆ ಒಂದೇ ಅಲ್ಲ. ಸೂರ್ಯಕಾಂತಿ ಮತ್ತು ಕುಸುಬೆ ಎಣ್ಣೆಗಳಲ್ಲಿ ಲಿನೋಲೆಯಿಕ್ ಆಮ್ಲ ಹೆಚ್ಚು. ಚರ್ಮವು ತನ್ನ ಗಾರೆಯ ಕೆಲವು ಮುಖ್ಯ ಸೆರಮೈಡ್‌ಗಳನ್ನು ಕಟ್ಟಿಕೊಳ್ಳಲು ಬಳಸುವುದು ಇದನ್ನೇ. ಆಲಿವ್ ಎಣ್ಣೆಯಲ್ಲಿ ಓಲಿಯಿಕ್ ಆಮ್ಲದ ಪಾಲು ದೊಡ್ಡದು. ಅದು ಗಾರೆಯನ್ನು ಸಡಿಲಗೊಳಿಸುತ್ತದೆ, ಆದ್ದರಿಂದ ಒಣಗಿ ಬಿರಿದ ಮುಖಕ್ಕಾಗಲಿ ಎಳೆಮಗುವಿನ ಮೈಗಾಗಲಿ ನಾನು ಅದನ್ನು ಹೇಳುವುದಿಲ್ಲ. ಮುರುಗಲ ತುಪ್ಪದಲ್ಲಿ ಅರ್ಧಕ್ಕಿಂತ ಹೆಚ್ಚು ಸ್ಟಿಯರಿಕ್ ಆಮ್ಲ, ಮೂರನೆಯ ಒಂದು ಭಾಗಕ್ಕೂ ಮಿಕ್ಕಿ ಓಲಿಯಿಕ್. ಅದು ಕರಗುವುದು 38ರಿಂದ 42 ಡಿಗ್ರಿಯ ಆಸುಪಾಸಿನಲ್ಲಿ, ಅಂದರೆ ಮೈಬಿಸಿಗೆ ಪೂರ್ತಿ ಕರಗದೆ ಮೇಲೆ ಗಟ್ಟಿ ಮುಚ್ಚಳವಾಗಿ ಕೂರುತ್ತದೆ. ಒಡೆದ ಹಿಮ್ಮಡಿಗೆ ನಮ್ಮ ಹಿರಿಯರು ಮುರುಗಲ ತುಪ್ಪವನ್ನೋ ಉಪ್ಪಾಗೆ ತುಪ್ಪವನ್ನೋ ಬಿಸಿಮಾಡಿ ಹಚ್ಚುತ್ತಿದ್ದುದು ಸರಿಯಾದ ಲೆಕ್ಕಾಚಾರವೇ. ಪಶ್ಚಿಮ ಆಫ್ರಿಕಾದಿಂದ ಬರುವ ಶಿಯಾ ಬೆಣ್ಣೆಗೆ ದುಬಾರಿ ಬೆಲೆ ಕೊಡುವವರಿಗೆ, ಅದೇ ಎರಡು ಆಮ್ಲಗಳು ಪ್ರಧಾನವಾಗಿರುವ ತುಪ್ಪ ನಮ್ಮ ಕಾಡಿನಲ್ಲಿಯೇ ಇದೆ ಎಂದು ನಾನು ಹೇಳುವುದುಂಟು. ಅತ್ತೆಯವರು ಹಿಮ್ಮಡಿಯ ಮಟ್ಟಿಗೆ, ಅಡಿಕೆ ಸುಲಿದು ಒರಟಾದ ಕೈಗಳ ಮಟ್ಟಿಗೆ ಪೂರ್ತಿ ಸರಿ. ಜಿಡ್ಡಿನ ಗ್ರಂಥಿಗಳು ತುಂಬಿರುವ ಮುಖಕ್ಕೆ ಅದೊಂದನ್ನೇ ದಪ್ಪವಾಗಿ ಬಳಿಯುವುದು ಬೇಡ.

ಕೊಬ್ಬರಿ ಎಣ್ಣೆಯನ್ನು ನಾನು ಶತ್ರುವೆಂದು ಕಾಣುವುದಿಲ್ಲ. ಒಣ ಎಗ್ಸಿಮಾದ ಮಕ್ಕಳಲ್ಲಿ ಅದರಿಂದ ಪ್ರಯೋಜನ ಕಂಡಿದೆ. ಅದರ ಅರ್ಧದಷ್ಟು ಲಾರಿಕ್ ಆಮ್ಲ. ಲಿನೋಲೆಯಿಕ್ ಬಹಳ ಕಡಿಮೆ, ಶೇ. 2ರಷ್ಟು. ನಿಮ್ಮ ಮಳೆಗಾಲದ ಗುಳ್ಳೆಗಳಲ್ಲಿ ಅದರ ಪಾತ್ರವಿರಬಹುದು ಎಂದು ನನಗೆ ಅನ್ನಿಸುತ್ತಿದೆ. ಎಲ್ಲರ ಚರ್ಮದ ಮೇಲೂ ಮಲಸೇಸಿಯಾ ಎಂಬ ಬೂಷ್ಟಿನ ಜಾತಿಯ ಸೂಕ್ಷ್ಮಜೀವಿ ಇರುತ್ತದೆ. ಇಂತಹ ಕೊಬ್ಬಿನ ಆಮ್ಲಗಳೇ ಅದರ ಆಹಾರ, ಬೆವರೂ ತೇವವೂ ಸೇರಿದರೆ ಅದು ಕೂದಲ ಬುಡಗಳಲ್ಲಿ ಹೆಚ್ಚಿಕೊಂಡು ಒಂದೇ ಅಳತೆಯ, ತುರಿಸುವ ಗುಳ್ಳೆಗಳನ್ನು ಎಬ್ಬಿಸುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೇ ಒಣಗದ ಆಗುಂಬೆ, ತೀರ್ಥಹಳ್ಳಿಯ ಕಡೆಯಿಂದ ಬರುವವರಲ್ಲಿ ಇದನ್ನು ಬಹಳ ನೋಡುತ್ತೇನೆ. ಮುಖಕ್ಕೆ ಹಚ್ಚದಿದ್ದರೂ ತಲೆಗೆ ಹಚ್ಚಿದ ಎಣ್ಣೆ ರಾತ್ರಿ ಹಣೆಗಿಳಿದರೆ ಸಾಕು. ಮೊಡವೆಯೆಂದು ಭಾವಿಸಿ ಮೊಡವೆಯ ಔಷಧ ಹಚ್ಚಿದರೆ ಇದು ಕಡಿಮೆಯಾಗುವುದಿಲ್ಲ, ಶಿಲೀಂಧ್ರ ನಿರೋಧಕ ಬೇಕಾಗುತ್ತದೆ. ಅದನ್ನು ಕಣ್ಣಾರೆ ನೋಡಿಯೇ ನಿರ್ಧರಿಸಬೇಕು.

ಮೂರನೆಯ ಡಬ್ಬಿಯಲ್ಲಿ ನನಗೆ ಹೆಚ್ಚು ಅಂಜಿಕೆ ತರುವುದು ಅದರ ಹೆಮ್ಮೆಯ ಘೋಷಣೆಯೇ. ಬರಿಯ ತುಪ್ಪ, ಎಣ್ಣೆ, ಮೇಣವಾಗಿದ್ದರೆ ಸಂರಕ್ಷಕ ಬೇಕಿರಲಿಲ್ಲ, ಏಕೆಂದರೆ ನೀರಿಲ್ಲದಲ್ಲಿ ಸೂಕ್ಷ್ಮಜೀವಿಗಳು ಬೆಳೆಯುವುದಿಲ್ಲ. ಆದರೆ ಅದಕ್ಕೆ ಲೋಳೆಸರ ಹಾಕಿದ್ದಾರೆ, ಲೋಳೆಸರದ ತಿರುಳಿನಲ್ಲಿ ಶೇ. 98ಕ್ಕೂ ಹೆಚ್ಚು ನೀರು. ಉಪ್ಪಿನಕಾಯಿ ಭರಣಿಗೆ ಒದ್ದೆ ಸೌಟು ಹಾಕಿದರೆ ಮನೆಯ ಹಿರಿಯರು ಗದರಿಸುವುದು ಯಾಕೋ, ಇದೂ ಅದಕ್ಕೇ. ಬೂಷ್ಟು ಕಣ್ಣಿಗೆ ಕಾಣುವ ಹೊತ್ತಿಗೆ ಬ್ಯಾಕ್ಟೀರಿಯಾಗಳು ಎಷ್ಟೋ ದಿನದಿಂದ ಅಲ್ಲಿ ಸಂಸಾರ ಮಾಡಿಕೊಂಡಿರುತ್ತವೆ, ಅದನ್ನೇ ನಾವು ಬಿರಿದ ಚರ್ಮಕ್ಕೆ ಸವರುತ್ತೇವೆ. ವಿಟಮಿನ್ ಇ ಹಾಕಿದ್ದೇವೆ, ಅದೇ ಸಂರಕ್ಷಕ ಎಂದು ಕೆಲವರು ಹೇಳುತ್ತಾರೆ. ಅದು ಎಣ್ಣೆ ಕಮಟು ಹಿಡಿಯುವುದನ್ನು ತಡೆಯುತ್ತದೆ, ಸೂಕ್ಷ್ಮಜೀವಿಗಳನ್ನಲ್ಲ. ಸಂರಕ್ಷಕಗಳ ಬಗ್ಗೆ ಇರುವ ಭಯದಲ್ಲಿ ಹೆಚ್ಚಿನದು ಪ್ಯಾರಾಬೆನ್‌ಗಳ ಸುತ್ತ ಹುಟ್ಟಿದ್ದು. ಅಲರ್ಜಿಯ ದೃಷ್ಟಿಯಿಂದ ನೋಡಿದರೆ ಅವು ಎಷ್ಟು ಸಾಧುವೆಂದರೆ ಅಮೆರಿಕದ ಸ್ಪರ್ಶ ಚರ್ಮರೋಗ ತಜ್ಞರ ಸಂಘ 2019ರಲ್ಲಿ ಅವನ್ನು ‘ವರ್ಷದ ಅಲರ್ಜಿ-ಅಲ್ಲದ ವಸ್ತು’ ಎಂದೇ ಸಾರಿತು. ಅವನ್ನು ತೆಗೆದು ಅವುಗಳ ಜಾಗದಲ್ಲಿ ಬಂದ ಮೀಥೈಲ್‌ಐಸೋಥಯಾಜೋಲಿನೋನ್ ಎಂಬುದು ಮಾತ್ರ ಸಾಕಷ್ಟು ಜನರಿಗೆ ಅಲರ್ಜಿ ತಂದಿತು. ಮುಖದ ಮೇಲೆ ಉಳಿಯುವ ಕ್ರೀಮ್‌ಗಳಲ್ಲಿ ಯೂರೋಪು ಅದನ್ನು ನಿಷೇಧಿಸಿದೆ. ಆ ಹೆಸರು ಕಂಡರೆ ಡಬ್ಬಿಯನ್ನು ಅಲ್ಲಿಯೇ ಇಟ್ಟುಬಿಡಿ.

ಲೋಳೆಸರದ ವಿಷಯದಲ್ಲಿ ನನ್ನ ಸ್ವಂತ ತಪ್ಪೊಂದನ್ನು ಹೇಳಬೇಕು. ವೃತ್ತಿಯ ಆರಂಭದಲ್ಲಿ ಬಿಸಿಲಿಗೆ ಕೆಂಪಾದ ಮುಖಕ್ಕೆ ‘ಹಿತ್ತಲಿನ ಲೋಳೆಸರ ಹಚ್ಚಿ’ ಎಂದು ಬಂಧುವೊಬ್ಬರಿಗೆ ಹೇಳಿದ್ದೆ. ಎಲೆಯನ್ನು ಕತ್ತರಿಸಿದೊಡನೆ ಸಿಪ್ಪೆಯಡಿಯಿಂದ ಒಸರುವ ಹಳದಿ ಸೊನೆಯನ್ನು ಬಸಿದು, ತಿರುಳನ್ನು ತೊಳೆದು ಹಚ್ಚಬೇಕೆಂಬುದನ್ನು ಹೇಳಲು ಮರೆತಿದ್ದೆ. ಮರುದಿನ ಅವರ ಮುಖ ಮೊದಲಿಗಿಂತ ಕೆಂಪಾಗಿತ್ತು. ಆ ಸೊನೆಯಲ್ಲಿರುವ ಅಲೋಯಿನ್ ಮೊದಲಾದವು ಚರ್ಮವನ್ನು ಕೆರಳಿಸುತ್ತವೆ. ಮೇಳದಲ್ಲಿ ಮಾರುವವರು ಇದನ್ನು ತೊಳೆದಿದ್ದಾರೆಯೇ ಎಂದು ನೀವು ಕೇಳಿದರೆ ತಪ್ಪಿಲ್ಲ.

ಎರಡನೆಯ ಡಬ್ಬಿಗೂ ಒಂದು ಎಚ್ಚರಿಕೆ ಸೇರಿಸಬೇಕು. ಅದರ ಕೊನೆಯಲ್ಲಿರುವ ಕ್ಯಾಮೊಮೈಲ್ ನಮ್ಮ ಸೇವಂತಿಗೆ, ಚೆಂಡುಹೂವು, ಕಾಂಗ್ರೆಸ್ ಗಿಡಗಳ ಕುಟುಂಬದ್ದು. ಭದ್ರಾವತಿ, ಶಿಕಾರಿಪುರದ ಬಯಲಿನ ಕಡೆಯಿಂದ ಕಾಂಗ್ರೆಸ್ ಗಿಡದ ಅಲರ್ಜಿಯಿಂದ ಮುಖ, ಕತ್ತು, ಕಣ್ಣರೆಪ್ಪೆ ದಪ್ಪಗಾಗಿ ಬರುವ ರೈತರಿದ್ದಾರೆ. ಅಂತಹವರಿಗೆ ಇದೇ ಕುಟುಂಬದ ಕ್ಯಾಮೊಮೈಲ್, ಕ್ಯಾಲೆಂಡುಲಾ, ಆರ್ನಿಕಾ ಸಾರಗಳು ‘ಶಮನಕಾರಿ’ ಎಂಬ ಹೆಸರಿನಲ್ಲಿ ಬಂದು ಅದೇ ಅಲರ್ಜಿಯನ್ನು ಕೆದಕಬಹುದು. ಸೂರ್ಯಕಾಂತಿಯೂ ಅದೇ ಕುಟುಂಬದ್ದೇ, ಆದರೆ ಸಂಸ್ಕರಿಸಿದ ಬೀಜದೆಣ್ಣೆಯಲ್ಲಿ ಆ ಅಲರ್ಜಿಕಾರಕಗಳು ಸಾಮಾನ್ಯವಾಗಿ ಉಳಿದಿರುವುದಿಲ್ಲ. ಹೂ ಕಟ್ಟುವಾಗ, ಕಳೆ ಕೀಳುವಾಗ ನಿಮಗೆ ತುರಿಕೆ ಬಂದ ಇತಿಹಾಸವಿಲ್ಲದಿದ್ದರೆ ಇದನ್ನು ದೊಡ್ಡದು ಮಾಡಬೇಕಾಗಿಲ್ಲ.

ಇನ್ನು ಮಾಡುವುದೇನು? ಎರಡು ವಾರ ಮೂರನ್ನೂ ಬದಿಗಿಡಿ. ಉಗುರುಬೆಚ್ಚಗಿನ ನೀರಿನಲ್ಲಿ ಮುಖ ತೊಳೆಯಿರಿ. ಸೋಪಿನ ಬದಲು ಸುಗಂಧವಿಲ್ಲದ ಸೌಮ್ಯ ಕ್ಲೆನ್ಸರ್ ರಾತ್ರಿ ಒಮ್ಮೆ ಸಾಕು. ನೀರನ್ನು ಒತ್ತಿ ಒರೆಸಿ, ಮುಖ ಇನ್ನೂ ಹಸಿಯಿರುವಾಗಲೇ ತೆಳುವಾಗಿ ಪೆಟ್ರೋಲಿಯಂ ಜೆಲ್ಲಿ ಸವರಿ. ಅದು ಸಸ್ಯಮೂಲದ್ದಲ್ಲ, ಗೊತ್ತು. ಆದರೆ ಚೆನ್ನಾಗಿ ಸಂಸ್ಕರಿಸಿದ ಪೆಟ್ರೋಲಿಯಂ ಜೆಲ್ಲಿಗೆ ಅಲರ್ಜಿಯಾಗುವುದು ಬಹಳ ಅಪರೂಪ, ನೀರನ್ನು ತಡೆಯುವುದರಲ್ಲಿ ಅದಕ್ಕೆ ಸಮನಾದದ್ದು ಕಡಿಮೆ. ಬೇಡವೆನಿಸಿದರೆ ಒದ್ದೆ ಮುಖಕ್ಕೆ ನಾಲ್ಕಾರು ಹನಿ ಸೂರ್ಯಕಾಂತಿ ಎಣ್ಣೆ ಹಚ್ಚಬಹುದು, ಒಣ ದಿನಗಳಲ್ಲಿ ಅದು ಅಷ್ಟು ಗಟ್ಟಿ ಕಾವಲಲ್ಲ ಎಂಬ ತಿಳಿವಳಿಕೆಯೊಂದಿಗೆ. ಹಣೆಗೆ ಎರಡನ್ನೂ ಹಚ್ಚಬೇಡಿ. ತಲೆಗೆ ಎಣ್ಣೆ ಬೇಕೇ ಬೇಕೆಂದಿದ್ದರೆ ಸ್ನಾನಕ್ಕೆ ಒಂದು ಗಂಟೆ ಮೊದಲು ಹಚ್ಚಿ ತೊಳೆದುಬಿಡಿ, ರಾತ್ರಿಯಿಡೀ ಬೇಡ.

ಸಿಪ್ಪೆ, ಉರಿ ನಿಂತ ಮೇಲೆ ಎರಡನೆಯ ಕ್ರೀಮನ್ನು ಪರೀಕ್ಷಿಸಿ. ಮೊಣಕೈಯ ಒಳಭಾಗದಲ್ಲಿ ಐದು ರೂಪಾಯಿ ನಾಣ್ಯದಷ್ಟು ಜಾಗಕ್ಕೆ ದಿನಕ್ಕೆರಡು ಬಾರಿ, ಏಳರಿಂದ ಹತ್ತು ದಿನ ಹಚ್ಚಿ. ಒಂದು ರಾತ್ರಿ ಹಚ್ಚಿ ನೋಡಿದರೆ ಸಾಕೆಂಬ ರೂಢಿಯಿದೆ, ಸಾಲದು. ಅಲರ್ಜಿ ಹಲವರಲ್ಲಿ ದಿನಗಳ ನಂತರ ತಲೆ ಎತ್ತುತ್ತದೆ. ಏನೂ ಆಗದಿದ್ದರೆ ಮುಖಕ್ಕೂ ಕತ್ತಿಗೂ ಸೇರಿ ಎರಡು ಬೆರಳಂಚಿನಷ್ಟು, ಅಂದರೆ ಸುಮಾರು ಒಂದು ಗ್ರಾಂ ಬಳಸಿ. ಚಳಿಗಾಲದಲ್ಲಿ ದಿನಕ್ಕೆರಡು ಬಾರಿ ಹಚ್ಚಿ, ಕೆನ್ನೆ ತೀರ ಒಣಗಿದ ದಿನ ಅದರ ಮೇಲೆ ಜೆಲ್ಲಿಯನ್ನೋ ಚೂರು ಮುರುಗಲ ತುಪ್ಪವನ್ನೋ ಕರಗಿಸಿ ಸವರಬಹುದು. ಮಳೆಗಾಲದಲ್ಲಿ ಕೆನ್ನೆಗೆ ಮಾತ್ರ, ರಾತ್ರಿ ಒಮ್ಮೆ; ಎಷ್ಟೋ ಜನರಿಗೆ ಆಗ ಏನೂ ಬೇಕಾಗುವುದಿಲ್ಲ. ಮೂರನೆಯದನ್ನು, ವಾಸನೆ ಕೆಟ್ಟಿಲ್ಲದಿದ್ದರೂ ಮುಖಕ್ಕೆ ಬಳಸಬೇಡಿ. ತಯಾರಿಸುವವರ ಪರಿಚಯವಿದ್ದರೆ ಲೋಳೆಸರವನ್ನೂ ಲ್ಯಾವೆಂಡರನ್ನೂ ಬಿಟ್ಟು ಮಾಡಿಕೊಡಲು ಕೇಳಿ. ಕೈಕಾಲುಗಳಿಗೆ ಅದಕ್ಕಿಂತ ಒಳ್ಳೆಯದು ಪೇಟೆಯಲ್ಲಿ ಸುಲಭಕ್ಕೆ ಸಿಗುವುದಿಲ್ಲ.

ಒಂದು ವಿಷಯವನ್ನು ನೀವು ಬರೆದಿಲ್ಲ, ಆದರೂ ಕೇಳುತ್ತೇನೆ. ಈ ಮೂರರ ಮೊದಲು ಬಿಳುಪಿಗೆಂದು ಯಾವುದಾದರೂ ಟ್ಯೂಬನ್ನು ತಿಂಗಳುಗಟ್ಟಲೆ ಹಚ್ಚಿದ್ದಿರಾ? ಔಷಧದಂಗಡಿಯ ಹಲವು ಮಿಶ್ರಣಗಳಲ್ಲಿ ಸ್ಟೀರಾಯ್ಡ್ ಇರುತ್ತದೆ. ಹಚ್ಚಿದ ವಾರದಲ್ಲಿ ಮುಖ ತಿಳಿಯಾಗಿ, ಬಿಟ್ಟೊಡನೆ ಕೆಂಪೇರಿ ಉರಿದು, ಬಿಸಿಲಿಗೆ ಹೋಗಲಾರದಂತಾದರೆ ಅದರದೇ ಗುರುತು. ಆಗ ದಿಢೀರನೆ ನಿಲ್ಲಿಸುವ ಮೊದಲು ವೈದ್ಯರನ್ನು ಕಾಣಬೇಕು. ತಯಾರಕರ ವಿಳಾಸ, ಪರವಾನಗಿ ಸಂಖ್ಯೆ ಯಾವುದೂ ಇಲ್ಲದ ‘ಗಿಡಮೂಲಿಕೆ’ ಬಿಳುಪಿನ ಕ್ರೀಮ್‌ಗಳಲ್ಲಿ ಪಾದರಸವಿರುವ ಅಪಾಯ ಇನ್ನೂ ದೊಡ್ಡದು; 2023ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಅಂತಹ ಕ್ರೀಮ್ ಬಳಸಿದವರ ಮೂತ್ರಪಿಂಡಗಳಿಗೆ ಹಾನಿಯಾದದ್ದನ್ನು ಅಲ್ಲಿನ ವೈದ್ಯರು ಗುರುತಿಸಿದ್ದರು. ಯಾವ ಗಿಡವೂ ಒಂದು ವಾರದಲ್ಲಿ ಮುಖವನ್ನು ಬೆಳ್ಳಗೆ ಮಾಡುವುದಿಲ್ಲ.

ಎರಡು ವಾರ ಎಲ್ಲವನ್ನೂ ನಿಲ್ಲಿಸಿದ ಮೇಲೂ ಉರಿ ಉಳಿದರೆ, ಕಣ್ಣರೆಪ್ಪೆ ಊದಿಕೊಂಡರೆ, ಅಥವಾ ಕೆನ್ನೆಯಲ್ಲಿ ಬೂದುಗಪ್ಪು ಹರಡುತ್ತಿದ್ದರೆ ಪ್ಯಾಚ್ ಪರೀಕ್ಷೆ ಮಾಡಿಸಬೇಕು. ಬೆನ್ನಿನ ಮೇಲೆ ಅನುಮಾನದ ಪದಾರ್ಥಗಳನ್ನು ಸಣ್ಣ ಬಿಲ್ಲೆಗಳಲ್ಲಿ 48 ಗಂಟೆ ಅಂಟಿಸಿಟ್ಟು, ತೆಗೆದಾಗ ಒಮ್ಮೆ, ಮತ್ತೆ ಎರಡು ದಿನ ಬಿಟ್ಟು ಇನ್ನೊಮ್ಮೆ ನೋಡುತ್ತೇವೆ. ಅಷ್ಟು ದಿನ ಬೆನ್ನಿಗೆ ನೀರು ತಾಗಿಸುವಂತಿಲ್ಲ, ಬೆವರುವ ಕೆಲಸ ಮಾಡುವಂತಿಲ್ಲ; ಕೊಯ್ಲು ಮುಗಿಸಿಕೊಂಡೇ ಬನ್ನಿ. ಬರುವಾಗ ಮೂರೂ ಡಬ್ಬಿಗಳನ್ನು ಅವುಗಳ ರಟ್ಟಿನ ಪೆಟ್ಟಿಗೆಯ ಸಮೇತ ತನ್ನಿ, ಸ್ನಾನದ ಸೋಪು, ತಲೆಗೆ ಹಚ್ಚುವ ಎಣ್ಣೆ, ಕುಂಕುಮದ ಭರಣಿಯನ್ನೂ ಚೀಲಕ್ಕೆ ಹಾಕಿಕೊಳ್ಳಿ.